ಗುರುವಾರದವರೆಗೆ ಮುಟ್ಟಬಾರದ ಕಾರು

ಬಿಚ್ಚಿದ್ದನ್ನು ತಿರುಗಿ ಜೋಡಿಸುವ ವಿದ್ಯೆ ನನಗೆ ಒಲಿದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನೀವು ನನ್ನ ಮೇಲೆ ಸುಮ್ಮನೆ ಭರವಸೆ ಇಟ್ಟುಕೊಳ್ಳುವುದು ತಪ್ಪುತ್ತದೆ. ಕಾಲೇಜಿನಲ್ಲಿದ್ದಾಗ ಒಂದು ಅಲಾರಂ ಗಡಿಯಾರ ಬಿಚ್ಚಿದೆ. ಜೋಡಿಸಿ ಮುಗಿದ ಮೇಲೆ ಎರಡು ಹಲ್ಲಿನ ಚಕ್ರಗಳು ಮೇಜಿನ ಮೇಲೆ ಉಳಿದಿದ್ದವು. ಗಡಿಯಾರ ಆ ದಿನದಿಂದ ಯಾರನ್ನೂ ಎಬ್ಬಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಂದೆ ಜಾಣತನ ತೋರಿಸಲು ಅವಳ ಹೊಲಿಗೆ ಯಂತ್ರಕ್ಕೆ ಕೈ ಹಾಕಿದೆ. ಈಗ ಅದರ ಮೇಲೆ ಅವಳು ಹೂದಾನಿ ಇಟ್ಟಿದ್ದಾಳೆ. ಮನೆಗೆ ಬಂದವರು ಮೇಜು ಚೆನ್ನಾಗಿದೆ ಎನ್ನುತ್ತಾರೆ. ಅವಳು ನನ್ನ ಮುಖ ನೋಡುತ್ತಾಳೆ.

ಗಡಿಯಾರ ಕೆಟ್ಟರೆ ಕೋಳಿ ಉಂಟು, ಹೊಲಿಗೆ ಯಂತ್ರ ಕೆಟ್ಟರೆ ಸೂಜಿ ಉಂಟು. ಹೀಗೆ ನನ್ನನ್ನು ನಾನು ಸಮಾಧಾನಪಡಿಸಿಕೊಂಡು ಬಹಳ ವರ್ಷ ಬದುಕಿದೆ. ಬದಲಿಯೇ ಇಲ್ಲದ ಒಂದನ್ನು ಬಿಚ್ಚಿ ಹಾಳು ಮಾಡಿದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ಬಂಟ್ವಾಳದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ. ಅದರ ಕಥೆಯನ್ನು ನಗುತ್ತಾ ಹೇಳಬೇಕೆಂದು ಹಲವು ಸಲ ಕುಳಿತಿದ್ದೇನೆ. ಅರ್ಧದವರೆಗೆ ನಗು ಬರುತ್ತದೆ.

ವಿಷಯ ಬಹಳ ಸಣ್ಣದು. ಕಾರಿನ ಎಂಜಿನ್ನಿಗೂ ಅದರ ಹೊಗೆಯನ್ನು ಒಟ್ಟು ಮಾಡಿ ಹೊರಗೆ ಒಯ್ಯುವ ಎರಕದ ಕೊಳವೆಗೂ ನಡುವೆ, ನೀರುದೋಸೆಯಷ್ಟು ತೆಳ್ಳಗಿನ ಒಂದು ತುಂಡು ಇರುತ್ತದೆ. ಆ ಕೊಳವೆಯ ಹೆಸರು ಮೆನಿಫೋಲ್ಡ್. ತುಂಡಿಗೆ ಪುಸ್ತಕದಲ್ಲಿ ಗ್ಯಾಸ್ಕೆಟ್ ಎಂದಿದೆ, ನಮ್ಮ ಗ್ಯಾರೇಜುಗಳಲ್ಲಿ ಪ್ಯಾಕಿಂಗ್ ಎನ್ನುತ್ತಾರೆ. ಎರಡು ಕಬ್ಬಿಣಗಳನ್ನು ಎಷ್ಟೇ ನಯವಾಗಿ ಉಜ್ಜಿ ಒಂದಕ್ಕೊಂದು ಒತ್ತಿದರೂ ಅವು ಪೂರ್ತಿಯಾಗಿ ಕೂಡುವುದಿಲ್ಲವಂತೆ. ಕಣ್ಣಿಗೆ ಕಾಣದ ಬಿರುಕಿನಿಂದ ಬೆಂಕಿಯಂಥ ಹೊಗೆ ನುಗ್ಗುತ್ತದೆ. ಅದಕ್ಕೆ ನಡುವೆ ಮೆತ್ತಗಿನದೊಂದು ಬೇಕು, ಆ ಮೆತ್ತಗಿನದು ಸುಟ್ಟುಹೋಗಲೂಬಾರದು. ಹಾಗಾಗಿ ಕಲ್ನಾರು. ಕಲ್ಲೂ ಹೌದು, ನಾರೂ ಹೌದು ಎಂಬ ಈ ಹೆಸರನ್ನು ಇಟ್ಟ ಪುಣ್ಯಾತ್ಮ ಯಾರೋ, ಅವನಿಗೆ ನನ್ನ ನಮಸ್ಕಾರ. ನಾನು ವಕೀಲ. ಪಾಲುಪಟ್ಟಿಯ ವ್ಯಾಜ್ಯಗಳಲ್ಲಿ ಕಾದ ಅಣ್ಣನಿಗೂ ಕಾದ ತಮ್ಮನಿಗೂ ನಡುವೆ ಕುಳಿತು ಅಭ್ಯಾಸವಿರುವವನು. ಪ್ಯಾಕಿಂಗಿನ ಕಷ್ಟ ನನಗೆ ಕೂಡಲೇ ಅರ್ಥವಾಯಿತು. ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು, "ಒಟ್ಟಾರೆ ಕೊಡಪಾನದ ಅಡಿಗೆ ಇಡುವ ಸಿಂಬೆಯ ಹಾಗೆ," ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಅಮ್ಮನ ವಿಷಯ ಹೇಳದೆ ಕಾರಿನ ವಿಷಯ ಹೇಳಲಾಗುವುದಿಲ್ಲ. ಆ ಕಾರನ್ನು ನಾನು ಕೊಂಡದ್ದೇ ಅವಳಿಗಾಗಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ತನ್ನ ತಮ್ಮನ ಯಜಮಾನಿಕೆಯ ಮನೆಯಲ್ಲಿದ್ದಳು. ಸಿದ್ಧಕಟ್ಟೆ ದಾಟಿ ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಇಳಿಜಾರಿನಲ್ಲಿ ಇಳಿದರೆ ಆ ಮನೆ. ನನಗೆ ಏಳು ವರ್ಷ ಆಗಿದ್ದಾಗ ಒಂದು ದಿನ ಕೆಂಡದಂಥ ಜ್ವರ ಬಂತು. ಮೂಡಬಿದ್ರೆಯ ಡಾಕ್ಟರರಲ್ಲಿಗೆ ಒಯ್ಯಲು ಅಮ್ಮ ಎತ್ತಿನ ಗಾಡಿ ಕೇಳಿದಳು. ಗಾಡಿ ಅಕ್ಕಿ ಮಿಲ್ಲಿಗೆ ಹೋಗಲಿಕ್ಕುಂಟು ಎಂದರು ಮಾವ. ಅವಳು ಮತ್ತೊಮ್ಮೆ ಕೇಳಿದಾಗ, "ನಿನಗೆ ಕಾಲಿಲ್ವಾ?" ಎಂದುಬಿಟ್ಟರು. ಮಾವ ಕೆಟ್ಟವರಲ್ಲ, ಕೋಪಿಷ್ಠರು. ಆ ಹೊತ್ತಿಗೆ ಏನು ಬಾಯಿಗೆ ಬಂತೋ ಅದನ್ನು ಆಡುವವರು.

ಅಮ್ಮ ನನ್ನನ್ನು ಹೆಗಲಿಗೆ ಹಾಕಿಕೊಂಡಳು. ಅಂಗಳದ ಬದಿಯ ದೈವದ ಗುಡಿಯ ಎದುರು ನಿಂತು, "ನನ್ನ ಮಗನ ಸ್ವಂತ ಗಾಡಿಯಲ್ಲಿ ಅಲ್ಲದೆ ಇನ್ನು ಈ ಅಂಗಳಕ್ಕೆ ಕಾಲಿಡುವುದಿಲ್ಲ," ಎಂದು ಹೇಳಿ ನಡೆದಳು. ಐದು ಮೈಲಿ. ಜ್ವರ ಬಿಟ್ಟಮೇಲೂ ಹಿಂದಿರುಗಲಿಲ್ಲ. ಬಂಟ್ವಾಳದಲ್ಲಿ ದೂರದ ಸಂಬಂಧಿಕರ ಮನೆಯ ಬದಿಯ ಕೋಣೆಯಲ್ಲಿ ಕುಳಿತು ಬೀಡಿ ಕಟ್ಟಿದಳು. ನಾನು ಓದಿದ್ದು ಅವಳ ಬೀಡಿಯ ಸೂಪಿನ, ಅಂದರೆ ಎಲೆ ತಂಬಾಕು ಹರಡಿದ ಮೊರದ, ಬದಿಯಲ್ಲಿ ಕುಳಿತು. ಕಾನೂನು ಪುಸ್ತಕ ತೆರೆದರೆ ಇಂದಿಗೂ ನನಗೆ ತಂಬಾಕಿನ ಸೀನು ಬರುತ್ತದೆ.

ನಮ್ಮ ಕಡೆ ದೇವರ ಹತ್ತಿರ ಆಡಿದ ಮಾತನ್ನು ಸ್ವಲ್ಪ ಹಿಂದೆ ಮುಂದೆ ಮಾಡಬಹುದು, ದೇವರು ದೊಡ್ಡವನು, ಅವನಿಗೆ ಬೇರೆ ಕೆಲಸಗಳಿವೆ. ದೈವದ ಎದುರು ಆಡಿದ್ದು ಹಾಗಲ್ಲ. ಅದು ಆಡಿದವರ ಹಿಂದೆಯೇ ನಡೆದುಕೊಂಡು ಬರುತ್ತದೆ. ಪುರಾಣಗಳಲ್ಲಿ ಶಪಥ ಮಾಡಿದವರಿಗೆಲ್ಲ ಒಂದೊಂದು ರಥವಿತ್ತು, ಸಾರಥಿ ಇದ್ದ. ಅಮ್ಮನಿಗೆ ಇದ್ದದ್ದು ನಾನು. ಸ್ವಂತ ಗಾಡಿ ಎಂದಾಗ ಅವಳ ಮನಸ್ಸಿನಲ್ಲಿದ್ದದ್ದು ಒಂದು ಜೋಡಿ ಎತ್ತು ಮತ್ತು ಒಂದು ಕಮಾನಿನ ಗಾಡಿ ಇರಬೇಕು. ಅಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು, ಎತ್ತಿಗೆ ಪ್ಯಾಕಿಂಗ್ ಇಲ್ಲ. ಆದರೆ ಬೆಳ್ತಂಗಡಿ ಕಡೆಯ ಒಂದು ಎಸ್ಟೇಟಿನ ಮ್ಯಾನೇಜರರು ಊರು ಬಿಟ್ಟು ಹೋಗುವಾಗ ತಮ್ಮ ಹಳೆಯ ವಿಲಾಯತಿ ಕಾರನ್ನು ಮಾರುತ್ತಾರೆಂದು ತಿಳಿಯಿತು. ನನಗಿಂತ ಎರಡೇ ವರ್ಷ ಚಿಕ್ಕ ಕಾರು. ನೋಡಿದೆ, ಕೊಂಡೆ. ಅಮ್ಮ ಅದರ ಸುತ್ತ ಒಂದು ಸುತ್ತು ಬಂದು ಮುಂದಿನ ಗಾಲಿಯನ್ನು ಕೈಯಿಂದ ಮುಟ್ಟಿದಳು. ಅಷ್ಟೇ.

ನಾಳೆಯೇ ಹೋಗುವ ಅಂದೆ. "ಅವನು ಕರೆಯಲಿ," ಎಂದಳು. ಕಾರು ಬಂತು, ಕರೆ ಬರಲಿಲ್ಲ. ಹೀಗೆ ಎರಡು ವರ್ಷ ಕಾರು ನನ್ನನ್ನು ತಾಲೂಕು ಕಚೇರಿಗೂ ಕಕ್ಷಿಗಾರರ ಮನೆಗೂ ಹೊತ್ತು ತಿರುಗಿತು, ಆ ಒಂದು ಇಳಿಜಾರನ್ನು ಮಾತ್ರ ಇಳಿಯಲಿಲ್ಲ. ಅಕ್ಕ ತಮ್ಮ ಇಬ್ಬರೂ ಒಂದೇ ಎರಕದವರು.

ಕರೆ ಬಂದದ್ದು ಒಂದು ಭಾನುವಾರ. ಮಾವನ ಮಗ ಜಯಂತ, ನನಗೆ ಭಾವನಾಗಬೇಕು, ಬಸ್ಸಿನಲ್ಲಿ ಬಂದು ಜಗಲಿಯಲ್ಲಿ ಕುಳಿತ. "ಅಪ್ಪನಿಗೆ ತುಂಬ ಜೋರುಂಟು ಅತ್ತೆ. ಡಾಕ್ಟ್ರು ಇನ್ನು ಕೆಲವೇ ದಿನ ಅಂದಿದ್ದಾರೆ. ಬೆಳಿಗ್ಗೆ ಕಣ್ಣು ಬಿಟ್ರೆ, ಅಕ್ಕ ಬಂದ್ಲಾ ಅಂತ ಕೇಳ್ತಾರೆ." ಅಮ್ಮ ಎದ್ದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು.

ಅದಕ್ಕೆ ಮೂರು ದಿನ ಮೊದಲು, ಬೆಳ್ತಂಗಡಿಯಿಂದ ಹಿಂದಿರುಗುವಾಗ ಏರಿನಲ್ಲಿ ಎಂಜಿನ್ನಿನೊಳಗೆ ಏನೋ ಹಾರಿದಂತಾಗಿ ಪಟ ಪಟ ಎಂಬ ಶಬ್ದ ಹಿಡಿದಿತ್ತು. ಆಗೊಮ್ಮೆ ಈಗೊಮ್ಮೆ ಬರುವ ಶಬ್ದವಲ್ಲ. ದೈವದ ನೇಮದಲ್ಲಿ ಗರ್ನಾಲು ಪಟಾಕಿ ಹೊಡೆದ ಹಾಗೆ, ನಿಲ್ಲದೆ. ಶಬ್ದವಾದರೂ ಸಹಿಸಬಹುದಿತ್ತು, ಹೊಗೆ ಕಾರಿನೊಳಗೇ ಬರತೊಡಗಿತ್ತು. ನಾವು ಪೇಟೆ ದಾಟಿ ಒಂದು ಮೈಲಿ ಹೋಗುವಷ್ಟರಲ್ಲಿ ಅಮ್ಮನ ಮುಖ ಬಿಳಿಚಿತು. ಇಳಿದು ರಸ್ತೆ ಬದಿಯಲ್ಲಿ ವಾಂತಿ ಮಾಡಿದಳು. ಜಯಂತ ಬಸ್ಸಿನಲ್ಲಿ ಹೋಗುವ ಎಂದ. ಅವಳು ತಲೆಯಾಡಿಸಿದಳು, ಬೇಡವೆಂದು. ಕಾರು ಹಿಂದೆ ತಿರುಗಿತು, ಜಯಂತ ಬಸ್ಸಿನಲ್ಲಿ ಒಬ್ಬನೇ ಹೋದ. ಮಾವನ ಉಸಿರು ಇರುವುದರೊಳಗೆ ಅಮ್ಮ ಆ ಅಂಗಳದಲ್ಲಿ ಕಾರಿನಿಂದ ಇಳಿಯಬೇಕು. ಅದು ಈಗ ಆ ನೀರುದೋಸೆಯಂಥ ತುಂಡಿನ ಮೇಲೆ ನಿಂತಿತ್ತು.

ಸೋಮವಾರ ಬೆಳಿಗ್ಗೆ ಮೆಲ್ಕಾರಿನಿಂದ ಮೋನು ಬ್ಯಾರಿಯನ್ನು ಕರೆತಂದೆ. ಲಾರಿಗಳ ಮೆಕ್ಯಾನಿಕ್, ಕಡಿಮೆ ಮಾತಿನ ಮನುಷ್ಯ. ಬಾನೆಟ್ ಎತ್ತಿ ಬಗ್ಗಿ ನೋಡಿ, ಎಂಜಿನ್ನಿನಿಂದ ಹೊರಚಾಚಿದ ಸ್ಟಡ್ಡೆಂಬ ಮೊಳೆಗಳಿಗೆ ಮೆನಿಫೋಲ್ಡನ್ನು ಬಿಗಿದಿದ್ದ ಆರು ನಟ್ಟುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. "ವಕೀಲರೇ, ಇದು ಬ್ರಿಟಿಷರ ಕಾಲದಲ್ಲಿ ಬಿಗಿ ಮಾಡಿದ್ದು. ತುಕ್ಕು ಹಿಡ್ದು ಸ್ಟಡ್ಡೂ ನಟ್ಟೂ ಒಂದೇ ಆಗಿದೆ. ಚಿಮಿಣಿ ಎಣ್ಣೆ ಕುಡೀಲಿ. ಗುರುವಾರ ಬರ್ತೇನೆ. ಬಂದು ಬಿಸಿ ಮಾಡಿ ಬಿಚ್ಚಿದ್ರೆ ಸಂಜೆಯೊಳಗೆ ಆಗ್ತದೆ. ಅಲ್ಲಿವರೆಗೆ ಮುಟ್ಬೇಡಿ ಆಯ್ತಾ?" ಎಣ್ಣೆ ಹೊಯ್ದು, ಒಂದು ಕಲ್ನಾರಿನ ಹಾಳೆಯನ್ನು ಜಗಲಿಯಲ್ಲಿಟ್ಟು ಹೋದರು.

ಇಲ್ಲಿ ನಿಮ್ಮ ಹತ್ತಿರ ಒಂದು ಗುಟ್ಟು ಹೇಳಬೇಕು. ವಕೀಲನ ಅನ್ನ ವಾಯಿದೆಯಲ್ಲಿದೆ. ಸಾಕ್ಷಿ ಬಂದಿಲ್ಲ ಸ್ವಾಮಿ, ದಾಖಲೆ ಸಿಕ್ಕಿಲ್ಲ ಸ್ವಾಮಿ, ನನಗೇ ತಲೆನೋವು ಸ್ವಾಮಿ ಎಂದು ತಿಂಗಳುಗಟ್ಟಲೆ ವಾಯಿದೆ ಕೇಳಿ ಪಡೆದವನು ನಾನು. ನನ್ನ ಒಂದೆರಡು ಮೊಕದ್ದಮೆಗಳಲ್ಲಿ ಕಕ್ಷಿಗಾರರ ಮಕ್ಕಳಿಗೇ ಮೀಸೆ ಬಂದಿದೆ. ಅಂಥ ನನ್ನ ಹತ್ತಿರ ಒಬ್ಬ ಮನುಷ್ಯ ಜೀವಮಾನದಲ್ಲಿ ಮೊದಲ ಬಾರಿಗೆ ವಾಯಿದೆ ಕೇಳಿದ, ಅದೂ ಬರೀ ಮೂರು ದಿನ. ನಾನು ಕೊಡಲಿಲ್ಲ.

ಕೊಡದಿರಲು ಕಾರಣ, ಕಾರಿನ ಜೊತೆಗೆ ಬಂದಿದ್ದ ಒಂದು ಇಂಗ್ಲಿಷ್ ಪುಸ್ತಕ. ಆರು ನಟ್ಟುಗಳನ್ನು ತೆಗೆಯಿರಿ. ಕೊಳವೆಯನ್ನು ಹೊರಕ್ಕೆ ಎಳೆಯಿರಿ. ಗ್ಯಾಸ್ಕೆಟ್ ಬದಲಿಸಿರಿ. ಇದೇ ಕ್ರಮವನ್ನು ತಿರುಗಿಸಿ ಜೋಡಿಸಿರಿ. ಇಷ್ಟೇ ಇತ್ತು. ಒಂದು ವಾಕ್ಯಕ್ಕೆ ಒಂಬತ್ತು ವಿನಾಯಿತಿಗಳಿರುವ ಪುಸ್ತಕಗಳನ್ನು ಓದಿ ಸೋತವನಿಗೆ ನಾಲ್ಕು ವಾಕ್ಯದಲ್ಲಿ ಮುಗಿಯುವ ಶಾಸ್ತ್ರ ಕಂಡರೆ ಭಕ್ತಿಯೇ ಹುಟ್ಟುತ್ತದೆ. ಅಲ್ಲದೆ ಅಮ್ಮ ಸೋಮವಾರವಿಡೀ ಜಗಲಿಯಲ್ಲಿ, ಬದಲಿಸಿದ ಸೀರೆಯಲ್ಲೇ ಕುಳಿತಿದ್ದಳು. ಅದನ್ನು ನೋಡುತ್ತಾ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ಹೀಗೆ ಹೇಳಿದರೆ ನನ್ನ ತಪ್ಪು ಸ್ವಲ್ಪ ಚೆಂದ ಕಾಣುತ್ತದೆ. ಸತ್ಯವಾಗಿ ಹೇಳುವುದಾದರೆ, ಅವಳನ್ನು ನನ್ನ ಕೈಯಾರೆ ರಿಪೇರಿ ಮಾಡಿದ ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕೆಂಬ ಹೆಮ್ಮೆ ನನಗಿತ್ತು.

ಮಂಗಳವಾರ ಕೋರ್ಟಿಗೆ ಹೋಗಲಿಲ್ಲ. ಪಂಚೆ ಎತ್ತಿ ಕಟ್ಟಿ ಪಾನಾ ಹಿಡಿದೆ. ಮೊದಲನೆಯ ನಟ್ಟು ಸುಲಭವಾಗಿ ಬಂತು. ಎರಡನೆಯದೂ ಬಂತು. ಐದು ನಟ್ಟು ಬರುವಷ್ಟರಲ್ಲಿ ನಾನು ಮೋನು ಬ್ಯಾರಿಯ ಬಗ್ಗೆ ಕನಿಕರಪಡುವ ಮಟ್ಟಕ್ಕೆ ಬಂದಿದ್ದೆ. ಆರನೆಯದು ಹಿಂದಿನ ಮೂಲೆಯಲ್ಲಿ, ಕೈ ತೂರದ ಜಾಗದಲ್ಲಿ. ಅದು ಕದಲಲಿಲ್ಲ. ಪಾನಾದ ತುದಿಗೆ ಒಂದು ಕಬ್ಬಿಣದ ಪೈಪು ತೂರಿಸಿ, ಕಾಲನ್ನು ಬಂಪರಿಗೆ ಒತ್ತಿ ಎಳೆದೆ. ಟಕ್ ಎಂದಿತು. ಸಡಿಲಾಯಿತೆಂದು ಸಂತೋಷಪಟ್ಟೆ. ಪಾನಾದ ಜೊತೆಗೆ ನಟ್ಟೂ, ನಟ್ಟಿನ ಜೊತೆಗೆ ಸ್ಟಡ್ಡಿನ ಅರ್ಧವೂ ಕೈಗೆ ಬಂತು. ಉಳಿದರ್ಧ ಎಂಜಿನ್ನಿನ ಮೈಯೊಳಗೆ, ಹಿಡಿಯಲು ತುದಿ ಕೂಡ ಇಲ್ಲದ ಹಾಗೆ ಉಳಿದುಹೋಯಿತು.

ಆಗ ಆದ ಹತಾಶೆಯನ್ನು ಹೇಗೆ ಹೇಳಲಿ? ಮೊಕದ್ದಮೆ ಸೋತರೆ ಮೇಲಿನ ಕೋರ್ಟು ಉಂಟು. ಸ್ಟಡ್ಡು ತುಂಡಾದರೆ ಅಪೀಲಿಲ್ಲ. ಆ ತುಂಡನ್ನು ಅದು ಇದ್ದ ಜಾಗದಲ್ಲೇ ಇಟ್ಟು ಹಿಡಿದು ನೋಡಿದೆ, ಅಂಟಿಕೊಂಡರೂ ಅಂಟೀತೆಂಬ ಹಾಗೆ. ಓದಿದವನು ಮಾಡುವ ಕೆಲಸವಲ್ಲ ಅದು, ಆದರೂ ಮಾಡಿದೆ. ಕಣ್ಣಲ್ಲಿ ನೀರು ಬಂತು. ಅಮ್ಮ ಜಗಲಿಯಿಂದ, "ಆಯ್ತಾ?" ಎಂದು ಕೇಳಿದಳು. "ಆಗ್ತಾ ಉಂಟು ಅಮ್ಮ," ಎಂದೆ.

ಬುಧವಾರ ನಾನು ಯಾರಿಗೂ ಏನೂ ಹೇಳಲಿಲ್ಲ. ಆದರೆ ಅಮ್ಮ ಸುಮ್ಮನೆ ಕೂರುವವಳಲ್ಲ, ಹಳೆಯ ಪ್ಯಾಕಿಂಗ್ ಎಲ್ಲಿ ಎಂದು ಕೇಳಿದಳು. ಅದು ಸುಟ್ಟು ಹಪ್ಪಳದ ಹಾಗೆ ಏಳೆಂಟು ಚೂರಾಗಿತ್ತು. ಚೂರುಗಳನ್ನು ನೆಲದ ಮೇಲೆ ಒಂದಕ್ಕೊಂದು ತಾಗಿಸಿ ಹೊಂದಿಸಿದಳು. ಬೀಡಿ ಎಲೆಯನ್ನು ಅಳತೆಗೆ ಕತ್ತರಿಸಲು ತಗಡಿನ ಒಂದು ಅಚ್ಚು ಇರುತ್ತದೆ, ಅದನ್ನು ಎಲೆಯ ಮೇಲಿಟ್ಟು ಸುತ್ತ ಕತ್ತರಿ ಆಡಿಸುತ್ತಾರೆ. ಅಮ್ಮ ಎಣ್ಣೆಯ ಡಬ್ಬಿಯ ತಗಡಿನಲ್ಲಿ ಪ್ಯಾಕಿಂಗಿಗೂ ಅಂಥದೇ ಒಂದು ಅಚ್ಚು ಮಾಡಿದಳು. ಅದನ್ನು ಕಲ್ನಾರಿನ ಹಾಳೆಯ ಮೇಲಿಟ್ಟು ತನ್ನ ಬೀಡಿಯ ಕತ್ತರಿಯಿಂದ ಕತ್ತರಿಸತೊಡಗಿದಳು. ಇಪ್ಪತ್ತಮೂರು ವರ್ಷ ಎಲೆ ಕತ್ತರಿಸಿದ ಕೈ, ಒಂದು ಕೂದಲೆಳೆ ಆಚೆ ಈಚೆ ಹೋಗಲಿಲ್ಲ. ಹೊಗೆಯ ದಾರಿಗಳು ದುಂಡಗೆ ಬಂದವು. ಆಮೇಲೆ ಕತ್ತರಿಯ ಮೊನೆಯನ್ನು ತಿರುವಿ ಸ್ಟಡ್ಡುಗಳ ತೂತು ತೆಗೆಯತೊಡಗಿದಳು. ಒಂದು, ಎರಡು, ಮೂರು. ಆರನೆಯ ತೂತಿಗೆ ಬರುವಾಗ ನಾನು ಎದ್ದು ಹೊರಗೆ ಹೋದೆ.

ಗುರುವಾರ ಮೋನು ಬ್ಯಾರಿ ಹೇಳಿದ ಹೊತ್ತಿಗೆ ಬಂದರು. ಗುರುವಾರವೆಂದರೆ ಗುರುವಾರವೇ ಬರುವ ಮೆಕ್ಯಾನಿಕ್ಕು ಇಡೀ ತಾಲೂಕಿನಲ್ಲಿ ಅವರೊಬ್ಬರೇ ಇದ್ದರೇನೋ, ಅಂಥವರನ್ನು ನಾನು ನಂಬಲಿಲ್ಲ. ಬಾನೆಟ್ಟಿನೊಳಗೆ ನೋಡಿದರು. ಬೈದಿದ್ದರೆ ನನಗೆ ಹಿತವಾಗುತ್ತಿತ್ತು. ಟೊಪ್ಪಿ ತೆಗೆದು ಮೆಟ್ಟಿಲ ಮೇಲೆ ಕುಳಿತು ನೀರು ಕೇಳಿದರು. "ಒಳಗೆ ಉಳಿದ ತುಂಡನ್ನು ಕೊರೆದು ತೆಗೀಬೇಕು. ಆ ಡ್ರಿಲ್ಲು ನನ್ನ ಹತ್ರ ಇಲ್ಲ, ಮಂಗ್ಳೂರಿಂದ ತರಿಸ್ಬೇಕು. ಸೋಮವಾರ ಆದೀತು. ಆಚೆಗೂ ಹೋದೀತು."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪ್ಯಾಕಿಂಗ್ ಇತ್ತು. "ಅದು ತಾನಾಗಿ ತುಂಡಾದದ್ದಾ?" ಎಂದು ಕೇಳಿದಳು.

ಮೋನು ಬ್ಯಾರಿ ನನ್ನ ಕಡೆ ನೋಡಲಿಲ್ಲ. "ಹಳೇ ಕಬ್ಬಿಣ ಅಮ್ಮ. ತಾನಾಗಿಯೇ ತುಂಡಾಗ್ತದೆ," ಎಂದರು.

ಅವಳು ಪ್ಯಾಕಿಂಗನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ನಾನು ಅವಳ ಹಿಂದೆ ಹೋಗಿ ನಿಜ ಹೇಳಬೇಕಿತ್ತು. ನ್ಯಾಯಾಧೀಶರ ಎದುರು ಗಂಟೆಗಟ್ಟಲೆ ನಿಲ್ಲುವ ಈ ಬಾಯಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ.

ಶುಕ್ರವಾರ ನಾನು ಏಳುವಾಗ ಅಮ್ಮ ಮನೆಯಲ್ಲಿರಲಿಲ್ಲ. ದೇವರ ಪಟದ ಬದಿಯ ಮೊಳೆಯಲ್ಲಿ ಅರಸಿನ ನೀರಿನಲ್ಲಿ ಅದ್ದಿದ ಬಟ್ಟೆಯ ಒಂದು ಸಣ್ಣ ಗಂಟು ತೂಗುತ್ತಿತ್ತು, ಇನ್ನೂ ಒದ್ದೆ. ಅದೇನೆಂದು ನಾನು ಕೇಳಬೇಕಾಗಿರಲಿಲ್ಲ. ತಪ್ಪುಕಾಣಿಕೆ. ದೈವಕ್ಕೆ ಕೊಟ್ಟ ಮಾತಿಗೆ ತಪ್ಪುವವರು, ತಪ್ಪಿದ್ದೇನೆ, ಹೊಟ್ಟೆಗೆ ಹಾಕಿಕೋ ಎಂದು ಒಂದು ನಾಣ್ಯವನ್ನು ಕಟ್ಟಿಡುತ್ತಾರೆ. "ಮೊದಲನೇ ಬಸ್ಸಿಗೆ ಹೋದ್ರು," ಎಂದಳು ಹೆಂಡತಿ. "ನಾನೇ ಹತ್ತಿಸಿ ಬಂದೆ. ನಿಮ್ಮನ್ನು ಎಬ್ಬಿಸೋದು ಬೇಡ ಅಂದ್ರು."

ಆ ಗಂಟಿನ ಎದುರು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಇಪ್ಪತ್ತಮೂರು ವರ್ಷ ಮುರಿಯದ ಹಟವನ್ನು ಅವಳು ಒಂದು ಬೆಳಿಗ್ಗೆ ಬಿಚ್ಚಿ, ಮಡಚಿ, ಮೊಳೆಗೆ ತೂಗಹಾಕಿ ಹೋಗಿದ್ದಳು. ಮೂರು ದಿನ ಕೈ ಕಟ್ಟಿಕೊಂಡಿದ್ದರೆ ಅವಳಿಗೆ ಅದು ಬೇಕಾಗುತ್ತಿರಲಿಲ್ಲ. ಜೀವನದಲ್ಲಿ ಅವಳು ನನ್ನಿಂದ ಕೇಳಿದ್ದು ಅದೊಂದೇ ಸವಾರಿ. ಅದೂ ನೇರವಾಗಿ ಕೇಳಿದ್ದಲ್ಲ, ದೈವದ ಮೂಲಕ.

ನೇರ ಮೆಲ್ಕಾರಿಗೆ ಹೋಗಿ ಮೋನು ಬ್ಯಾರಿಯ ಎದುರು ನಿಂತೆ. ಇರುವ ಐದು ಸ್ಟಡ್ಡಿನಲ್ಲೇ ಕಟ್ಟಿ ಕೊಡಿ ಎಂದೆ. ಅವರು ನನ್ನ ಮುಖ ನೋಡಿದರು. "ಓಡ್ತದೆ. ಶಬ್ದ ಮಾತ್ರ ಹೋಗುದಿಲ್ಲ ವಕೀಲರೇ, ಇನ್ನೂ ಜೋರಾದೀತು." ಹಾಗೆಂದು ನನ್ನ ಜೊತೆಗೇ ಮನೆಗೆ ಬಂದರು. ಅಮ್ಮ ಕತ್ತರಿಸಿದ ಪ್ಯಾಕಿಂಗ್ ಅಚ್ಚಿನ ಹಾಗೆ ಕೂತಿತು. ನಡುವಿನ ನಟ್ಟಿನಿಂದ ಶುರು ಮಾಡಿ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸುತ್ತಾ ಹೋದರು. ಆರನೆಯ ತೂತು ಖಾಲಿ ಉಳಿಯಿತು. ಸ್ಟಾರ್ಟ್ ಮಾಡಿದೊಡನೆ ಆ ಮೂಲೆಯಿಂದ ಹೊಗೆ ಸಿಡಿಯತೊಡಗಿತು, ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದವು.

ಎಲ್ಲ ಕಿಟಕಿಗಳನ್ನೂ ಇಳಿಸಿ, ತಲೆ ಹೊರಗೆ ಹಾಕಿ ಓಡಿಸಿದೆ. ಸಿದ್ಧಕಟ್ಟೆಯಲ್ಲಿ ಜನ ಅಂಗಡಿಗಳಿಂದ ಇಳಿದು ನಿಂತು ನೋಡಿದರು. ಒಂದು ಎಮ್ಮೆ ಹಗ್ಗ ಹರಿದುಕೊಂಡು ಗದ್ದೆಗೆ ಇಳಿಯಿತು. ಅಮ್ಮನನ್ನು ತಿರುಗಿ ಬರುವಾಗಲಾದರೂ ಕಾರಿನಲ್ಲಿ ಕೂರಿಸಬಹುದಲ್ಲ ಎಂಬ ಒಂದೇ ಯೋಚನೆ. ಮಾವ ಇದ್ದಾರೋ ಇಲ್ಲವೋ ಎಂಬುದನ್ನು ಯೋಚಿಸಲು ಧೈರ್ಯವಿರಲಿಲ್ಲ.

ಮಾವನ ಮನೆಗೆ ಇಳಿಯುವ ಇಳಿಜಾರಿನ ತಲೆಯಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಜಯಂತ. ಇನ್ನೊಬ್ಬಳು ಅಮ್ಮ. ಇಬ್ಬರೂ ಕೈ ಬೀಸುತ್ತಿದ್ದರು, ನಿಲ್ಲು ಎಂಬ ಹಾಗೆ. ಮಾವ ತೀರಿಹೋದರು ಎಂದುಕೊಂಡೆ. ಕಾರು ನಿಲ್ಲಿಸಿದ್ದೇ ಅಮ್ಮ ಕಿಟಕಿಯೊಳಗೆ ಬಗ್ಗಿ, "ಬಂದ್ ಮಾಡು, ಮೊದಲು ಅದನ್ನು ಬಂದ್ ಮಾಡು," ಎಂದಳು.

ಎಂಜಿನ್ನು ನಿಲ್ಲಿಸಿದೆ. "ಮಾವ?"

"ಇದ್ದಾನೆ. ಮಾತಾಡ್ತಾನೆ. ಬಂದ ಕೂಡ್ಲೇ ಕೇಳಿದ, ನಡ್ಕೊಂಡು ಬಂದ್ಯಾ ಅಂತ. ನಾನ್ಯಾಕೆ ನಡೀಲಿ, ಮಗ ಕಾರಲ್ಲಿ ಬಿಟ್ಟು ಕೋರ್ಟಿಗೆ ಹೋದ, ಮಧ್ಯಾಹ್ನ ಬರ್ತಾನೆ ಅಂದೆ. ಶಬ್ದ ಕೇಳಿಲ್ವಲ್ಲ ಅಂದ." ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಳ್ಳೇ ಕಾರು, ಶಬ್ದವೇ ಇಲ್ಲ ಅಂದಿದ್ದೇನೆ."

ನಾನು ಬರುತ್ತೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಗೆ ಬರುತ್ತೇನೆಂದೂ ಯಾರೂ ಹೇಳಿರಲಿಲ್ಲ. ಹಾಗಿದ್ದರೂ ಊಟ ಬಿಟ್ಟು ಆ ಬಿಸಿಲಿನಲ್ಲಿ ರಸ್ತೆಗೆ ಬಂದು ನಿಂತಿದ್ದಳು. ಹಿಂದಿನ ಬಾಗಿಲು ತೆಗೆದು ಕುಳಿತಳು. ಸೀರೆ ಸರಿಮಾಡಿಕೊಂಡು, "ಹೀಗೇ ಬಿಡು, ಇಳೀತದೆ," ಎಂದಳು. ಜಯಂತ ಹಿಂದಿನಿಂದ ಒಂದು ಸಲ ದೂಡಿದ.

ಕಾರು ಇಳಿಯಿತು. ಗಾಲಿಗಳ ಅಡಿಯಲ್ಲಿ ಸಣ್ಣ ಕಲ್ಲುಗಳು ಸರಿಯುವುದು, ಸ್ಪ್ರಿಂಗು ಒಮ್ಮೆ ಕಿರುಗುಟ್ಟಿದ್ದು ಬಿಟ್ಟರೆ ಏನೂ ಕೇಳಲಿಲ್ಲ. ದೈವದ ಗುಡಿಯನ್ನು ದಾಟಿ ಅಂಗಳದ ನಡುವೆ ಬ್ರೇಕು ಹಾಕಿದೆ. ಅಮ್ಮ ಇಳಿದಳು. ಒಳಗಿನಿಂದ ಮಾವನ ದನಿ ಬಂತು, "ಬಂದನಾ?" "ಬಂದ. ನೋಡು, ನಿನಗೆ ಗೊತ್ತೇ ಆಗ್ಲಿಲ್ಲ," ಎಂದಳು ಅಮ್ಮ. ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪುಟ್ಟ ತಮ್ಮನಿಗೆ ಆಟದಲ್ಲಿ ಗೆದ್ದು ತೋರಿಸುವ ಹುಡುಗಿಯ ದನಿ.

ಮಾವ ಚಾವಡಿಯಲ್ಲಿ ಮಲಗಿದ್ದರು. ಮನುಷ್ಯ ಅರ್ಧ ಆಗಿದ್ದರು. "ಕಾರು ಒಳ್ಳೇದುಂಟು ಮಾರಾಯ," ಎಂದು ನನಗೆ ಗಟ್ಟಿಯಾಗಿ ಹೇಳಿದರು. ಅಮ್ಮ ಗಂಜಿಯ ತಿಳಿ ತರಲು ಒಳಗೆ ಹೋದಳು. ಅವಳ ಹೆಜ್ಜೆ ಅಡುಗೆಮನೆ ಮುಟ್ಟುವವರೆಗೆ ಕಾದು ಮಾವ ನನ್ನ ಮಣಿಕಟ್ಟು ಹಿಡಿದೆಳೆದರು.

"ಸಿದ್ಧಕಟ್ಟೆ ದಾಟುವಾಗ್ಲೇ ಕೇಳಿತು ನಿನ್ನ ಕಾರು," ಎಂದರು.

ನಾನು ಅಡುಗೆಮನೆಯ ಕಡೆ ನೋಡಿದೆ.

"ಅಕ್ಕನಿಗೆ ಹೇಳ್ಬೇಡ. ಕೇಳಲೇ ಇಲ್ಲ ಅಂತ ಇರ್ಲಿ." ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಆವತ್ತು ಗಾಡಿ ಮಿಲ್ಲಿಗೆ ಹೋಗ್ಲಿಕ್ಕಿರಲಿಲ್ಲ. ಸುಮ್ಮನೆ ನಿಂತಿತ್ತು. ಅವಳು ಇನ್ನೊಂದು ಸಲ ಕೇಳಿದ್ರೆ ಕೊಡ್ತಿದ್ದೆ. ಕೇಳ್ಲಿಲ್ಲ."

ಅಷ್ಟೇ. ಅಮ್ಮ ತಟ್ಟೆ ಹಿಡಿದು ಬಂದಳು, ಮಾವ ಬಾಯಿ ತೆರೆದರು. ಹಿಂದಿರುಗುವಾಗ ಆರು ಮಂದಿ ಸೇರಿ ನನ್ನ ಒಳ್ಳೆಯ ಕಾರನ್ನು ಏರು ಹತ್ತಿಸಿದರು, ಕೆಮ್ಮದೆ, ಮಾತಾಡದೆ, ಕಳ್ಳರ ಹಾಗೆ. ಅಮ್ಮ ಅಲ್ಲೇ ಉಳಿದಳು. ಮಾವ ಮತ್ತೆ ನಾಲ್ಕು ದಿನ ಇದ್ದರು. ಅಕ್ಕ ತಮ್ಮ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಇಪ್ಪತ್ತಮೂರು ವರ್ಷದ ಮಾತು ನಾಲ್ಕು ದಿನದಲ್ಲಿ ಮುಗಿಯುವುದಿಲ್ಲ. ಅದರಲ್ಲೂ ಗುರುವಾರದ ಒಂದು ರಾತ್ರಿಯನ್ನು, ಜೊತೆಗೆ ದೈವದ ಎದುರು ಅವಳಾಡಿದ ಮಾತನ್ನು ತಿಂದವನು ನಾನು. ಆರನೆಯ ನಟ್ಟಿನ ಜೊತೆಗೆ ನಾನು ಮುರಿದದ್ದು ಅದನ್ನು. ಅದಕ್ಕೆ ಡ್ರಿಲ್ಲು ಮಂಗಳೂರಿನಲ್ಲಿಯೂ ಸಿಗುವುದಿಲ್ಲ.

ಬಿಚ್ಚಿದ ಕ್ರಮವನ್ನು ತಿರುಗಿಸಿದರೆ ಜೋಡಣೆಯಾಗುತ್ತದೆ ಎಂದು ಬರೆದ ಆ ಇಂಗ್ಲಿಷ್ ಮಹಾಶಯನನ್ನು ಆಗಾಗ ನೆನೆಯುತ್ತೇನೆ. ಅವನಿಗೆ ಹೊಸ ಕಾರುಗಳ ಅನುಭವ ಮಾತ್ರ ಇದ್ದಿರಬೇಕು. ಮುಂದೆ ಮೋನು ಬ್ಯಾರಿ ಡ್ರಿಲ್ಲು ತಂದು ಅರ್ಧ ಗಂಟೆಯಲ್ಲಿ ಆ ಸ್ಟಡ್ಡನ್ನು ತೆಗೆದು ಹೊಸತು ಹಾಕಿದರು. ಕಾರು ನಿಜವಾಗಿಯೂ ಶಬ್ದವಿಲ್ಲದೆ ಓಡಿತು. ಅಷ್ಟರಲ್ಲಿ ಶಬ್ದವಿಲ್ಲದ ಕಾರು ಬೇಕಾಗಿದ್ದವರು ಯಾರೂ ಉಳಿದಿರಲಿಲ್ಲ.

ಆದರೆ ಅದು ಆಮೇಲಿನ ಮಾತು. ಮಾವನ ಉತ್ತರಕ್ರಿಯೆಯ ಬೊಜ್ಜ ಮುಗಿದು ಅಮ್ಮನನ್ನು ಕರೆತರಲು ಹೋದಾಗ ಕಾರು ಇನ್ನೂ ಐದು ಸ್ಟಡ್ಡಿನಲ್ಲೇ ಇತ್ತು, ಅದನ್ನು ಯಾರಾದರೂ ಮತ್ತೆ ಬಿಚ್ಚುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಇನ್ನು ದೂಡುವ ಅಗತ್ಯವಿರಲಿಲ್ಲ, ಅಂಗಳದಿಂದಲೇ ಪಟಪಟಿಸುತ್ತಾ ಹೊರಟೆವು. ಅಮ್ಮ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಕೊಟ್ಟು, ಮೂಗಿಗೆ ಸೆರಗು ಹಿಡಿದು ಕುಳಿತಿದ್ದಳು. ಸಿದ್ಧಕಟ್ಟೆ ಹತ್ತಿರ ಬರುವಾಗ ಮುಂದಕ್ಕೆ ಬಗ್ಗಿ ನನ್ನ ಕಿವಿಯ ಬಳಿ, "ಅವನಿಗೆ ಈ ಶಬ್ದ ಕೇಳಿರಲಿಕ್ಕಿಲ್ಲ, ಅಲ್ವಾ?" ಎಂದಳು.

"ಇಲ್ಲ ಅಮ್ಮ," ಎಂದೆ.

"ಎಂತ?"

"ಕೇಳಿಲ್ಲ ಅಂದೆ."

"ಎಂತದು?"

ರಸ್ತೆಯ ಬದಿಗೆ ಕಾರು ನಿಲ್ಲಿಸಿದೆ. ಕೀಲಿಕೈ ತಿರುಗಿಸಿದೆ. ಶಬ್ದ ಪೂರ್ತಿ ಅಡಗಿ, ಗದ್ದೆಯಲ್ಲಿ ಯಾರೋ ಎತ್ತುಗಳನ್ನು ಕರೆಯುವುದು ಕೇಳುವವರೆಗೆ ಕಾದೆ. ಆಮೇಲೆ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿ, "ಮಾವನಿಗೆ ಏನೂ ಕೇಳಿಲ್ಲ ಅಮ್ಮ. ನೀನು ಹೇಳಿದ ಮೇಲೇ ಅವರಿಗೆ ಗೊತ್ತಾದದ್ದು," ಎಂದೆ.

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಹಾಗಾದ್ರೆ ಹೋಗುವ," ಎಂದು ಸೀಟಿಗೆ ಒರಗಿದಳು. ನಾನು ಸ್ಟಾರ್ಟ್ ಮಾಡಿದೆ. ವಕೀಲನಾಗಿ ಎಷ್ಟೋ ಸುಳ್ಳು ಹೇಳಿದ್ದೇನೆ. ಎಂಜಿನ್ನು ನಿಲ್ಲಿಸಿ ಹೇಳಿದ್ದು ಅದೊಂದೇ.